ಕಾಳಿನೊಳಗಿನ ಬುತ್ತಿ



ಮೊಳಕೆ ಕಟ್ಟಿದ ರಾಗಿಯನ್ನು ಬಾಯಿಗೆ ಹಾಕಿ ಅಗಿದು ನೋಡಿದ್ದೀರಲ್ಲ? ಒಣ ರಾಗಿಗಿಲ್ಲದ ಸಿಹಿ ಅದಕ್ಕೆ ಎಲ್ಲಿಂದ ಬಂತು? ಮೊಳಕೆ ರಾಗಿಯನ್ನು ಒಣಗಿಸಿ, ಹುರಿದು, ಬೀಸಿ, ಎಳೆಯ ಮಕ್ಕಳಿಗೆ ಸರಿ ಕಾಯಿಸುವುದು ನಮ್ಮ ತಾಯಂದಿರಿಗೆ ಗೊತ್ತೇ ಇತ್ತು. ಆ ಸಿಹಿಯ ಗುಟ್ಟನ್ನು ಬಿಡಿಸಲು ಮಾತ್ರ ವಿಜ್ಞಾನಿಗಳಿಗೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಕಾಳೆಂದರೆ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ. ಒಂದು ಮೂಲೆಯಲ್ಲಿ ಪುಟ್ಟ ಮೊಳೆ. ಉಳಿದದ್ದು ಬಹುಪಾಲು ಹಿಟ್ಟು. ಹಿಟ್ಟು ತಣ್ಣೀರಿನಲ್ಲಿ ಕರಗದು, ಮೊಳೆ ಅದನ್ನು ಹಾಗೆಯೇ ಉಣ್ಣಲಾರದು. ಅದು ಸಕ್ಕರೆಯಾಗಬೇಕು.

1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಎಂಬಿಬ್ಬರು ಮೊಳಕೆ ಬಾರ್ಲಿಯ ರಸಕ್ಕೆ ಮದ್ಯಸಾರ ಬೆರೆಸಿ ಒಂದು ಬಿಳಿಯ ವಸ್ತುವನ್ನು ಬೇರ್ಪಡಿಸಿದರು. ಅದರಲ್ಲಿ ಸ್ವಲ್ಪವೇ ಸಾಕು, ಬಹಳ ಹಿಟ್ಟನ್ನು ಕರಗಿಸಿ ಸಕ್ಕರೆ ಮಾಡುತ್ತಿತ್ತು; ಕುದಿಸಿದರೆ ಶಕ್ತಿ ಕಳೆದುಕೊಳ್ಳುತ್ತಿತ್ತು. ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಇಂಥ ವಸ್ತುಗಳನ್ನೇ ಕಿಣ್ವಗಳೆನ್ನುತ್ತೇವೆ. 1890ರಲ್ಲಿ ಹೇಬರ್‌ಲ್ಯಾಂಟ್ ಎಂಬ ವಿಜ್ಞಾನಿ, ಕಾಳಿನ ಸಿಪ್ಪೆಯ ಕೆಳಗಿನ ತೆಳು ಪದರವೇ ಇದನ್ನು ಒಸರಿಸುತ್ತದೆಂದು ತೋರಿಸಿದ.

ಸರಿ, ಆ ಪದರಕ್ಕೆ ಅಪ್ಪಣೆ ಕೊಡುವವರು ಯಾರು? ಇದರ ಎಳೆ ಸಿಕ್ಕಿದ್ದು ಬತ್ತದ ಒಂದು ರೋಗದಲ್ಲಿ! ರೋಗ ತಗಲಿದ ಪೈರು ಬಡಕಲಾಗಿ ಉದ್ದುದ್ದ ಬೆಳೆಯುತ್ತಿತ್ತು. 1926ರಲ್ಲಿ ಜಪಾನಿನ ಕುರೊಸಾವ, ರೋಗದ ಬೂಷ್ಟನ್ನು ಸೋಸಿ ತೆಗೆದು ಬರಿಯ ರಸವನ್ನು ಹಾಕಿದರೂ ಪೈರು ಹಾಗೇ ನೀಳವಾಗುವುದನ್ನು ಕಂಡ. ಆ ರಸದಲ್ಲಿದ್ದ ವಸ್ತುವೇ ಜಿಬ್ಬರೆಲಿನ್. 1960ರಲ್ಲಿ ಜಪಾನಿನ ಯೋಮೊ, ಆಸ್ಟ್ರೇಲಿಯದ ಪೇಲೆಗ್, ಬೇರೆಬೇರೆಯಾಗಿ ದುಡಿದು ಒಂದೇ ಉತ್ತರ ಕೊಟ್ಟರು. ಮೊಳೆ ಕಿತ್ತ ಬಾರ್ಲಿ ಕಾಳಿಗೆ ಜಿಬ್ಬರೆಲಿನ್ ಕೊಟ್ಟರೆ ಅದರ ಹಿಟ್ಟು ಸಕ್ಕರೆಯಾಗತೊಡಗುತ್ತದೆ. ಅಂದರೆ, ನೀರು ಕುಡಿದ ಮೊಳೆ ತಾನೇ ಈ ವಸ್ತುವನ್ನು ಕಳುಹಿಸುತ್ತದೆ, ಪದರ ಕಿಣ್ವ ಮಾಡುತ್ತದೆ, ಬುತ್ತಿ ಬಿಚ್ಚಿಕೊಳ್ಳುತ್ತದೆ.

ಇದರಿಂದ ನಮಗೇನು ಅಂತೀರಾ? ಕೇಳಿ. ಕೊಯ್ಲಿನ ಮಳೆಗೆ ತೆನೆಯಲ್ಲೇ ಮೊಳೆತ ಕಾಳು ತನ್ನ ಬುತ್ತಿಯನ್ನು ಆಗಲೇ ಉಣ್ಣತೊಡಗಿದೆ. ಒಣಗಿಸಿದರೂ ಖರ್ಚಾದದ್ದು ಮರಳದು. ಅದನ್ನು ಬೀಜಕ್ಕೆ ಇಡಬೇಡಿ. ರಾಗಿಯ ಬುತ್ತಿ ಬಹಳ ಚಿಕ್ಕದು. ಒಂದು ಅಂಗುಲಕ್ಕಿಂತ ಆಳಕ್ಕೆ ಹೋದರೆ ಬೆಳಕು ಕಾಣುವ ಮೊದಲೇ ತೀರಿಹೋದೀತು. ಮೊಳೆ ಸತ್ತ ಕಾಳಿನಲ್ಲಿ ಹಿಟ್ಟು ತುಂಬಿದ್ದರೂ ಅಪ್ಪಣೆ ಕೊಡುವವರಿಲ್ಲ. ಕಣ್ಣಿಗೆ ಇದು ತಿಳಿಯದು. ಆದ್ದರಿಂದ ಬಿತ್ತನೆಗೆ ವಾರ ಹತ್ತು ದಿನ ಮೊದಲೇ ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮೊಳೆತವನ್ನು ಎಣಿಸಿ ನೋಡಿ. ಕಡಿಮೆಯಾದರೆ ಬೇರೆ ಬೀಜ ತರಲು ಆಗಿನ್ನೂ ಹೊತ್ತಿರುತ್ತದೆ. ಬಿತ್ತಿದ ಮೇಲೆ ಮಳೆಯನ್ನು ದೂರಿ ಫಲವಿಲ್ಲ.