ಬಂದೂಕಿನ ಕಾಯಿದೆ, ಇಬ್ಬರು ಷೆರೀಫರು

ಸುತ್ತೋಲೆ ಮೇಲಿನ ಕಛೇರಿಯಿಂದ ಬರುತ್ತದೆ, ಕೆಲಸ ಶಾಖೆಯ ಗುಮಾಸ್ತನ ಮೇಜಿಗೆ ಬೀಳುತ್ತದೆ. ಬ್ಯಾಂಕಿನಲ್ಲಿ ದುಡಿದ ನನಗೆ ಇದು ಹೊಸದಲ್ಲ. ಅಮೆರಿಕದಲ್ಲಿ ಇಂಥದೇ ತಕರಾರೊಂದು ಸುಪ್ರೀಂ ಕೋರ್ಟಿನವರೆಗೂ ಹೋಯಿತು.

1981ರ ಮಾರ್ಚ್ 30ರಂದು ಅಧ್ಯಕ್ಷ ರೇಗನ್ ಅವರ ಮೇಲೆ ಒಬ್ಬ ಗುಂಡು ಹಾರಿಸಿದ. ರೇಗನ್ ಚೇತರಿಸಿಕೊಂಡರು. ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿಯವರ ತಲೆಗೆ ಗುಂಡು ತಗುಲಿ, ಅವರು ಗಾಲಿಕುರ್ಚಿ ಹಿಡಿಯಬೇಕಾಯಿತು. ಅವರೂ ಅವರ ಪತ್ನಿ ಸಾರಾ ಅವರೂ ವರ್ಷಗಟ್ಟಲೆ ಹೋರಾಡಿದ ಮೇಲೆ 1993ರಲ್ಲಿ ಬ್ರೇಡಿ ಕಾಯಿದೆ ಬಂತು. ಪಿಸ್ತೂಲು ಕೊಳ್ಳುವವನು ಐದು ಕೆಲಸದ ದಿನ ಕಾಯಬೇಕು. ಅಷ್ಟರಲ್ಲಿ ಆ ಸ್ಥಳದ ಪೊಲೀಸ್ ಮುಖ್ಯಸ್ಥರು ಅವನ ಪೂರ್ವಾಪರ ವಿಚಾರಿಸಬೇಕು. ದೇಶಕ್ಕೆಲ್ಲ ಒಂದೇ ದಾಖಲೆ ವ್ಯವಸ್ಥೆ ಸಿದ್ಧವಾಗುವ ತನಕದ ಏರ್ಪಾಡು ಇದು.

ಷೆರೀಫ್ ಎಂದರೆ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶದ, ಜನ ಮತ ಹಾಕಿ ಆರಿಸುವ ಪೊಲೀಸ್ ಅಧಿಕಾರಿ. ಮೊಂಟಾನಾದ ಜೇ ಪ್ರಿಂಟ್ಜ್, ಅರಿಜೋನಾದ ರಿಚರ್ಡ್ ಮ್ಯಾಕ್ ಎಂಬ ಇಬ್ಬರು ಷೆರೀಫರು ಕೋರ್ಟು ಹತ್ತಿದರು. ವಾಷಿಂಗ್ಟನ್ನಿನ ಸರ್ಕಾರ ತಮ್ಮನ್ನು ಹೀಗೆ ದುಡಿಸಿಕೊಳ್ಳುವಂತಿಲ್ಲ ಎಂಬುದು ಅವರ ವಾದ.

1997ರ ಜೂನ್ 27ರಂದು ಐದಕ್ಕೆ ನಾಲ್ಕು ಮತಗಳಿಂದ ಅವರೇ ಗೆದ್ದರು. ನ್ಯಾಯಮೂರ್ತಿ ಸ್ಕಾಲಿಯಾ ಬರೆದ ತೀರ್ಪು, ಶಸ್ತ್ರದ ಹಕ್ಕು ಹೇಳುವ ಎರಡನೆಯ ತಿದ್ದುಪಡಿಯ ಮೇಲೆ ನಿಂತದ್ದಲ್ಲ. ಕೇಂದ್ರ ಸರ್ಕಾರವು ರಾಜ್ಯಗಳ ಅಧಿಕಾರಿಗಳಿಗೆ ತನ್ನ ಕೆಲಸ ಹೊರಿಸಿ ಆಜ್ಞೆ ಮಾಡಬಾರದು, ಅಷ್ಟೇ. ಐದು ದಿನ ಕಾಯುವ ನಿಯಮವನ್ನು ಕೋರ್ಟು ಮುಟ್ಟಲಿಲ್ಲ. ಒಪ್ಪದ ನ್ಯಾಯಮೂರ್ತಿ ಸ್ಟೀವನ್ಸ್, ಸಾಂಕ್ರಾಮಿಕ ರೋಗ ತಡೆಯಲು ಮಕ್ಕಳಿಗೆಲ್ಲ ಚುಚ್ಚುಮದ್ದು ಹಾಕಬೇಕಾಗಿ ಬಂದಾಗ ಏನು ಗತಿ ಎಂಬರ್ಥದ ಪ್ರಶ್ನೆ ಎತ್ತಿದರು. ನನಗಂತೂ ಆ ಪ್ರಶ್ನೆ ತೂಕದ್ದೆನಿಸುತ್ತದೆ.

ಎರಡು ವರ್ಷ ಮೊದಲು, 1995ರಲ್ಲಿ, ಶಾಲೆಯ ಹತ್ತಿರ ಬಂದೂಕು ಒಯ್ಯಬಾರದೆಂಬ ಕೇಂದ್ರದ ಕಾಯಿದೆಯೂ ಇದೇ ಕೋರ್ಟಿನಲ್ಲಿ ಬಿದ್ದಿತ್ತು. ಟೆಕ್ಸಾಸ್ ರಾಜ್ಯದ ಕಾನೂನು ಅದನ್ನು ಹೇಗೂ ನಿಷೇಧಿಸಿತ್ತು. ಅಂತರರಾಜ್ಯ ವ್ಯಾಪಾರದ ಹೆಸರಿನಲ್ಲಿ ಕೇಂದ್ರ ಕೈಹಾಕಿದ್ದು ಸಲ್ಲಲಿಲ್ಲ. ಮರುವರ್ಷ ಆ ಕಾಯಿದೆಯನ್ನು ತಿದ್ದಿ ಬರೆದರು.

ಬ್ರೇಡಿ ಕಾಯಿದೆಯ ಕೆಲಸವೂ ನಿಲ್ಲಲಿಲ್ಲ. 1998ರ ನವೆಂಬರಿನಿಂದ ಎಫ್‌ಬಿಐ ನಡೆಸುವ ದಾಖಲೆ ವ್ಯವಸ್ಥೆ ಬಂತು.

ನಮ್ಮ ಸಂವಿಧಾನದಲ್ಲಿ ಆಯುಧಗಳ ವಿಷಯ ಕೇಂದ್ರ ಪಟ್ಟಿಯ 5ನೆಯ ನಮೂದು. ಪರವಾನಗಿಗೆ ಮಾತ್ರ ನಾವು ಹೋಗುವುದು ಜಿಲ್ಲಾಧಿಕಾರಿಯ ಬಳಿಗೆ. ಸಂಸತ್ತು ತನ್ನ ಕಾಯಿದೆಯ ಮೂಲಕ ರಾಜ್ಯದ ಅಧಿಕಾರಿಗಳಿಗೆ ಕೆಲಸ ವಹಿಸಬಹುದೆಂದು 258ನೆಯ ವಿಧಿ ಹೇಳುತ್ತದೆ. ಅದರಿಂದ ರಾಜ್ಯಕ್ಕೆ ಬೀಳುವ ಹೆಚ್ಚಿನ ಆಡಳಿತ ವೆಚ್ಚವನ್ನು ಕೇಂದ್ರ ಕೊಡಬೇಕೆಂದೂ ಅಲ್ಲೇ ಬರೆದಿದೆ.