ಮರೆತ ಪಾಸ್‌ವರ್ಡ್ ತೆಗೆಯುವ ಕಸುಬು: ಬಾಂದ್ರಾ ಕಂಡ ಮೂವತ್ತು ವರ್ಷ

ಮನೆಯ ಕಂಪ್ಯೂಟರಿಗೆ ಹಾಕಿದ ಪಾಸ್‌ವರ್ಡ್ ಮರೆತುಹೋದಾಗ ಅದನ್ನು ತೆಗೆದುಕೊಡುವ ಕೆಲಸ ಮುಂಬೈಯಲ್ಲಿ ಸುಮಾರು ಮೂವತ್ತು ವರ್ಷಗಳಿಂದ ನಡೆದುಬಂದ ಕಸುಬು. ಅದಕ್ಕೆ ಪ್ರತ್ಯೇಕ ಬೋರ್ಡು ಇರಲಿಲ್ಲ. ಕಂಪ್ಯೂಟರ್ ರಿಪೇರಿಯ ಜೊತೆಯಲ್ಲೇ ಅದೂ ನಡೆಯುತ್ತಿತ್ತು. ಈ ಕಸುಬು ಬೆಳೆದ, ಕುಗ್ಗಿದ ಬಗೆಯನ್ನು ನೋಡುವುದಕ್ಕೆ ಬಾಂದ್ರಾ ತಕ್ಕ ಜಾಗ. ಸ್ಟೇಷನ್ನಿನ ಪಶ್ಚಿಮಕ್ಕೆ ಹಿಲ್ ರೋಡ್, ಪಾಲಿ ನಾಕಾಗಳ ಸುತ್ತ ಹಳೆಯ ಹೌಸಿಂಗ್ ಸೊಸೈಟಿಗಳು. ಪೂರ್ವಕ್ಕೆ ಸರ್ಕಾರಿ ನೌಕರರ ಕಾಲೊನಿ, ಅದರಾಚೆ ಬ್ಯಾಂಕುಗಳೂ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವೂ ಇರುವ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್. ಮನೆಯ ಕಂಪ್ಯೂಟರು ಮತ್ತು ಕಚೇರಿಯ ಕಂಪ್ಯೂಟರು ಎರಡೂ ಇಲ್ಲಿ ಒಂದೇ ಉಪನಗರದೊಳಗೆ ಬೆಳೆದವು. ಪಾಸ್‌ವರ್ಡ್ ಮರೆತರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಎರಡೂ ಕಡೆ ಬೇರೆ ಬೇರೆ ಉತ್ತರವಿತ್ತು.

ಪಾಸ್‌ವರ್ಡ್ ಹುಟ್ಟಿದ್ದು ಮನೆಯ ಯಂತ್ರಕ್ಕಾಗಿ ಅಲ್ಲ. 1961ರಲ್ಲಿ ಅಮೆರಿಕದ ಮ್ಯಾಸಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ತೋರಿಸಿತು. ಒಬ್ಬರ ಕಡತಕ್ಕೆ ಇನ್ನೊಬ್ಬರು ಕೈಹಾಕಬಾರದೆಂದು ಪ್ರತಿಯೊಬ್ಬರಿಗೂ ಒಂದೊಂದು ಗುಟ್ಟಿನ ಪದ ಕೊಡಲಾಯಿತು. ಮರುವರ್ಷವೇ ಅಲ್ಲಿನ ಸಂಶೋಧಕರೊಬ್ಬರು ತಮ್ಮ ಪಾಲಿನ ಯಂತ್ರದ ಸಮಯ ಸಾಲದೆ, ಎಲ್ಲರ ಪಾಸ್‌ವರ್ಡ್ ಇದ್ದ ಕಡತವನ್ನೇ ಮುದ್ರಿಸಿಕೊಂಡರು. ಪಾಸ್‌ವರ್ಡನ್ನು ಇದ್ದ ಹಾಗೆಯೇ ಬರೆದಿಡುವುದು ಅಪಾಯವೆಂದು ಅಂದೇ ಸಾಬೀತಾಯಿತು. ಯುನಿಕ್ಸ್ ವ್ಯವಸ್ಥೆ ಪಾಸ್‌ವರ್ಡಿನ ಬದಲು ಅದರಿಂದ ಲೆಕ್ಕ ಹಾಕಿ ತೆಗೆದ ಒಂದು ಸಂಕೇತವನ್ನಷ್ಟೇ ಉಳಿಸಿಕೊಂಡಿತು. ಈ ವಿಧಾನವನ್ನು ರಾಬರ್ಟ್ ಮೋರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಲೇಖನದಲ್ಲಿ ವಿವರಿಸಿದರು. ಸಂಕೇತದಿಂದ ಮೂಲ ಪದಕ್ಕೆ ಹಿಂದಿರುಗುವ ದಾರಿಯಿಲ್ಲ. ಆದ್ದರಿಂದ ಮರೆತ ಪಾಸ್‌ವರ್ಡ್ ಸ್ವತಃ ಕಂಪ್ಯೂಟರಿಗೂ ಗೊತ್ತಿರುವುದಿಲ್ಲ. ರಿಪೇರಿಯವರು ಮಾಡಬಹುದಾದದ್ದು ಎರಡೇ: ಹಳೆಯದನ್ನು ಅಳಿಸಿ ಹೊಸದು ಹಾಕುವುದು, ಇಲ್ಲವೇ ಒಂದೊಂದಾಗಿ ಪದಗಳನ್ನು ಹಾಕಿ ಸಂಕೇತ ಹೊಂದುತ್ತದೆಯೇ ಎಂದು ನೋಡುತ್ತ ಹೋಗುವುದು.

ಭಾರತದಲ್ಲಿ ಕಂಪ್ಯೂಟರು ಮನೆಯೊಳಗೆ ಬರುವುದಕ್ಕೆ ಬಹುಕಾಲ ಬೇಕಾಯಿತು. 1984ರ ನವೆಂಬರಿನ ಕಂಪ್ಯೂಟರ್ ನೀತಿ ಆಮದಿನ ಕಟ್ಟುಗಳನ್ನು ಸಡಿಲಿಸಿತು, 1991ರ ನಂತರ ಸುಂಕಗಳು ಇಳಿಯತೊಡಗಿದವು. ಆದರೂ ಕಂಪನಿಯ ಹೆಸರಿದ್ದ ಯಂತ್ರ ಮಧ್ಯಮ ವರ್ಗದ ಕೈಗೆ ಎಟುಕುತ್ತಿರಲಿಲ್ಲ. ಆ ಜಾಗವನ್ನು ತುಂಬಿದ್ದು ‘ಅಸೆಂಬಲ್ಡ್’ ಕಂಪ್ಯೂಟರು. ಮದರ್‌ಬೋರ್ಡ್, ಹಾರ್ಡ್‌ಡಿಸ್ಕ್, ಕ್ಯಾಬಿನೆಟ್ಟುಗಳನ್ನು ಬಿಡಿಬಿಡಿಯಾಗಿ ಕೊಂಡು ಕೂಡಿಸಿ ಕೊಡುವ ಈ ವ್ಯಾಪಾರಕ್ಕೆ ಮುಂಬೈಯಲ್ಲಿ ಕೇಂದ್ರವಾದದ್ದು ಗ್ರಾಂಟ್ ರೋಡ್ ಸ್ಟೇಷನ್ ಬಳಿಯ ಲ್ಯಾಮಿಂಗ್ಟನ್ ರೋಡ್. ರಸ್ತೆಗೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂದು ಮರುನಾಮಕರಣವಾದರೂ ವ್ಯಾಪಾರಿಗಳ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ರೇಡಿಯೊ ಮತ್ತು ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಿದ್ದ ಬೀದಿಗೆ ಕಂಪ್ಯೂಟರಿನ ಸರಕು ತಾನಾಗಿ ಸೇರಿಕೊಂಡಿತು.

ಬಾಂದ್ರಾದಿಂದ ಅಲ್ಲಿಗೆ ಸ್ಲೋ ಲೋಕಲಿನಲ್ಲಿ ಹೋಗಿ ಬರುವುದು ಸುಲಭ. ಆದರೆ ಕೆಟ್ಟ ಕಂಪ್ಯೂಟರನ್ನು ಹೊತ್ತೊಯ್ಯುವುದು ಸುಲಭವಲ್ಲ. ಉಪನಗರದ ಆಟೋರಿಕ್ಷಾಗಳಿಗೆ ಬಾಂದ್ರಾ ದಾಟಿ ದ್ವೀಪನಗರದೊಳಗೆ ಪ್ರವೇಶವಿಲ್ಲ. ಗಾಜಿನ ಭಾರೀ ಮಾನಿಟರು, ಜನ ‘ಸಿಪಿಯು’ ಎಂದೇ ಕರೆಯುವ ಕ್ಯಾಬಿನೆಟ್ಟು, ಅವುಗಳ ವೈರುಗಳು, ಇಷ್ಟನ್ನು ಲೋಕಲಿನ ನೂಕುನುಗ್ಗಲಿನಲ್ಲಿ ಒಯ್ಯುವವರು ಯಾರು? ಹೀಗಾಗಿ ರಿಪೇರಿಯವನೇ ಮನೆಗೆ ಬರುವ ಪದ್ಧತಿ ಬೆಳೆಯಿತು. ವರ್ಷಕ್ಕೊಮ್ಮೆ ಹಣ ಕಟ್ಟಿ ಎಷ್ಟು ಸಲ ಬೇಕಾದರೂ ಕರೆಸಿಕೊಳ್ಳುವ ‘ಎಎಂಸಿ’ ಒಪ್ಪಂದಗಳು ಕಚೇರಿಗಳಿಂದ ಮನೆಗಳಿಗೂ ಇಳಿದವು. ಕೈಚೀಲದಲ್ಲಿ ಸ್ಕ್ರೂಡ್ರೈವರು, ಫ್ಲಾಪಿ ಮತ್ತು ಸಿಡಿಗಳ ಕಟ್ಟು ಇಟ್ಟುಕೊಂಡು ಸೊಸೈಟಿಯ ಮೆಟ್ಟಿಲು ಹತ್ತುವ ಹುಡುಗ ಆ ಕಾಲದ ಬಾಂದ್ರಾಕ್ಕೆ ಪರಿಚಿತ.

ಮೊದಲ ಘಟ್ಟದಲ್ಲಿ ಅವನ ಕೆಲಸ ಹಗುರವಿತ್ತು. 1995ರ ವಿಂಡೋಸ್ 95 ಮತ್ತು ಅದರ ನಂತರದ ವಿಂಡೋಸ್ 98ರಲ್ಲಿ ಇಡೀ ಯಂತ್ರದ ಅಧಿಕಾರ ಹೊಂದಿದ ಅಡ್ಮಿನಿಸ್ಟ್ರೇಟರ್ ಎಂಬ ಪಾತ್ರವೇ ಇರಲಿಲ್ಲ. ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಬಂದಾಗ ಕ್ಯಾನ್ಸಲ್ ಒತ್ತಿದರೆ ಸಾಕು, ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತಿತ್ತು. ನಿಜವಾದ ತಡೆ ಇದ್ದದ್ದು ಅದಕ್ಕೂ ಮೊದಲು, ಯಂತ್ರ ಚಾಲೂ ಆಗುವಾಗ ಬಯಾಸ್ ಎಂಬ ಆರಂಭಿಕ ತಂತ್ರಾಂಶ ಕೇಳುವ ಪಾಸ್‌ವರ್ಡಿನಲ್ಲಿ. ಪರೀಕ್ಷೆಯ ದಿನಗಳಲ್ಲಿ ಮಕ್ಕಳು ಆಟಕ್ಕೆ ಕೂರದಂತೆ ತಡೆಯಲು ತಂದೆತಾಯಿಗೆ ಸಿಕ್ಕ ಸಾಧನವೂ ಅದೇ.

ಈ ಪಾಸ್‌ವರ್ಡ್ ಹಾರ್ಡ್‌ಡಿಸ್ಕಿನಲ್ಲಿ ಇರುತ್ತಿರಲಿಲ್ಲ. ಮದರ್‌ಬೋರ್ಡಿನ ಮೇಲಿನ ಸಣ್ಣದೊಂದು ಸಿಮಾಸ್ ಸ್ಮೃತಿಯಲ್ಲಿರುತ್ತಿತ್ತು. ಕರೆಂಟು ಇಲ್ಲದಾಗ ಅದನ್ನು ಉಳಿಸುತ್ತಿದ್ದದ್ದು ಸಿಆರ್ 2032 ಎಂಬ, ನಾಣ್ಯದ ಆಕಾರದ ಬ್ಯಾಟರಿ. ರಿಪೇರಿಯವನು ಮೊದಲು ಪ್ಲಗ್ಗು ಕೀಳುತ್ತಾನೆ. ಕ್ಯಾಬಿನೆಟ್ಟನ್ನು ಮಗ್ಗುಲಿಗೆ ಮಲಗಿಸಿ, ಹಿಂಬದಿಯ ಸ್ಕ್ರೂ ಬಿಚ್ಚಿ, ಪಕ್ಕದ ತಗಡನ್ನು ಜಾರಿಸುತ್ತಾನೆ. ಒಳಗಿನ ಧೂಳು ಊದಿ ಬ್ಯಾಟರಿಯನ್ನು ಹುಡುಕಿ, ಅದನ್ನು ಹಿಡಿದಿರುವ ಕೊಕ್ಕೆಯನ್ನು ಉಗುರಿನಿಂದ ಸರಿಸಿದರೆ ಬ್ಯಾಟರಿ ಮೇಲಕ್ಕೆ ನೆಗೆಯುತ್ತದೆ. ಕೆಲವು ನಿಮಿಷ ಬಿಟ್ಟು ಮತ್ತೆ ಕೂರಿಸಿದರೆ ಪಾಸ್‌ವರ್ಡ್ ಇಲ್ಲ. ಗಡಿಯಾರವೂ ಹಳೆಯ ಯಾವುದೋ ತಾರೀಖಿಗೆ ಹೋಗಿರುತ್ತದೆ. ತಾರೀಖು ಸರಿಪಡಿಸಿದರೆ ಕೆಲಸ ಮುಗಿಯಿತು. ಕೆಲವು ಮದರ್‌ಬೋರ್ಡುಗಳಲ್ಲಿ ಇದಕ್ಕೆಂದೇ ಜಂಪರ್ ಎಂಬ ಪುಟ್ಟ ಕೊಂಡಿ ಇರುತ್ತಿತ್ತು.

ಇದೇ ಘಟ್ಟದಲ್ಲಿ, 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಮುಂಬೈ ಸೇರಿದಂತೆ ಮಹಾನಗರಗಳಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಿತು. ಗಂಟೆಗಳ ಲೆಕ್ಕದಲ್ಲಿ ಕೊಂಡ ಡಯಲ್-ಅಪ್ ಸಂಪರ್ಕಕ್ಕೆ ಪಾಸ್‌ವರ್ಡ್ ಬೇಕಿತ್ತು, ಅದು ಪರರ ಕೈ ಸೇರಿದರೆ ಹಣ ಕೊಟ್ಟು ಕೊಂಡ ಗಂಟೆಗಳು ಕರಗುತ್ತಿದ್ದವು. ದೆಹಲಿಯಲ್ಲಿ ಸಂಪರ್ಕ ಹಾಕಿಕೊಡಲು ಮನೆಗೆ ಬಂದ ಎಂಜಿನಿಯರೇ ಪಾಸ್‌ವರ್ಡ್ ತಿಳಿದುಕೊಂಡು ಗಂಟೆಗಳನ್ನು ಬಳಸಿದನೆಂಬ ದೂರಿನ ಮೇಲೆ ಪೊಲೀಸರು ಕಳ್ಳತನದ ಮೊಕದ್ದಮೆ ಹಾಕಿದ್ದರು. ಮಾಹಿತಿ ತಂತ್ರಜ್ಞಾನ ಕಾಯ್ದೆ ಆಗಿನ್ನೂ ಜಾರಿಗೆ ಬಂದಿರಲಿಲ್ಲ. ಮನೆಗೆ ಬರುವ ರಿಪೇರಿಯವನ ಪ್ರಾಮಾಣಿಕತೆಯೇ ಈ ಕಸುಬಿನ ಬಂಡವಾಳ ಎಂಬುದು ಆಗಲೇ ತಿಳಿದುಹೋಯಿತು. ಕಾಯ್ದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂತು.

ಎರಡನೆಯ ಘಟ್ಟ 2001ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯದು. ಅದರ ಬೇರು 1993ರ ವಿಂಡೋಸ್ ಎನ್‌ಟಿಯಲ್ಲಿದೆ, ಅಂದರೆ ಕಚೇರಿಗಾಗಿ ಮಾಡಿದ ವ್ಯವಸ್ಥೆಯಲ್ಲಿ. ಕಚೇರಿಯಲ್ಲಿ ಬಳಸುವವನೇ ಬೇರೆ, ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಅಡ್ಮಿನಿಸ್ಟ್ರೇಟರೇ ಬೇರೆ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಬ್ಯಾಂಕಿನಲ್ಲಿ ನೌಕರನೊಬ್ಬ ಪಾಸ್‌ವರ್ಡ್ ಮರೆತರೆ ಐಟಿ ವಿಭಾಗಕ್ಕೊಂದು ಫೋನು ಸಾಕು; ಅಲ್ಲಿನ ಅಡ್ಮಿನಿಸ್ಟ್ರೇಟರ್ ಹೊಸದನ್ನು ಕೊಡುತ್ತಾನೆ. ಅದೇ ನೌಕರ ಸಂಜೆ ಮನೆಗೆ ಬಂದರೆ ಅಲ್ಲಿನ ಅಡ್ಮಿನಿಸ್ಟ್ರೇಟರ್ ಅವನೇ, ಅದು ಅವನಿಗೆ ಗೊತ್ತಿರದಿದ್ದರೂ. ಎಕ್ಸ್‌ಪಿಯ ಪ್ರೊಫೆಷನಲ್ ಆವೃತ್ತಿ ಹಾಕುವಾಗ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುತ್ತಿತ್ತು, ಹಾಕುವವನು ಟೈಪಿಸುತ್ತಿದ್ದ. ಅಸೆಂಬಲ್ ಮಾಡಿದವನೇ ವಿಂಡೋಸನ್ನೂ ಹಾಕಿಕೊಟ್ಟಾಗ, ಕಂಪ್ಯೂಟರು ಒಬ್ಬರದು, ಅದರ ಮೇಲಧಿಕಾರದ ಗುಟ್ಟು ಇನ್ನೊಬ್ಬರದು ಆಗಿಬಿಡುತ್ತಿತ್ತು. ಅವನ ಫೋನ್ ನಂಬರು ಬದಲಾದರೆ ಮನೆಯವರಿಗೆ ದಿಕ್ಕಿಲ್ಲ.

ಹೋಮ್ ಆವೃತ್ತಿಯಲ್ಲಿ ಒಂದು ಸಲೀಸು ದಾರಿ ಇತ್ತು. ಅಡ್ಮಿನಿಸ್ಟ್ರೇಟರ್ ಖಾತೆ ಸಾಮಾನ್ಯ ಪರದೆಯಲ್ಲಿ ಕಾಣದೆ ಅಡಗಿರುತ್ತಿತ್ತು, ಅದರ ಪಾಸ್‌ವರ್ಡ್ ಖಾಲಿ ಇರುತ್ತಿತ್ತು. ಯಂತ್ರ ಚಾಲೂ ಆಗುವಾಗ ಎಫ್8 ಒತ್ತಿ ಸೇಫ್ ಮೋಡ್ ಆರಿಸಿಕೊಂಡರೆ ಆ ಖಾತೆ ಕಾಣಿಸಿಕೊಳ್ಳುತ್ತಿತ್ತು. ಅದರ ಮೂಲಕ ಒಳಹೊಕ್ಕು ಮರೆತವರ ಖಾತೆಗೆ ಹೊಸ ಪಾಸ್‌ವರ್ಡ್ ಹಾಕಬಹುದಿತ್ತು. ಮುಂಚಿತವಾಗಿ ಫ್ಲಾಪಿಯಲ್ಲಿ ಪಾಸ್‌ವರ್ಡ್ ರೀಸೆಟ್ ಡಿಸ್ಕ್ ಮಾಡಿಟ್ಟುಕೊಳ್ಳುವ ಅನುಕೂಲವನ್ನೂ ಎಕ್ಸ್‌ಪಿ ಕೊಟ್ಟಿತ್ತು. ಮರೆಯುತ್ತೇನೆಂದು ಮೊದಲೇ ಯೋಚಿಸಿದವರಿಗೆ ಮಾತ್ರ ಅದು ಉಪಯೋಗಕ್ಕೆ ಬಂತು.

ಈ ದಾರಿಗಳು ಮುಚ್ಚಿದ್ದಾಗ ಸಿಡಿಗಳ ಕಟ್ಟು ಹೊರಗೆ ಬರುತ್ತಿತ್ತು. ಎನ್‌ಟಿ ವಂಶದ ವಿಂಡೋಸ್ ಪಾಸ್‌ವರ್ಡ್ ಸಂಕೇತಗಳನ್ನು ಸ್ಯಾಮ್ ಎಂಬ ಕಡತದಲ್ಲಿ ಇಡುತ್ತದೆ. ವಿಂಡೋಸ್ ಓಡುತ್ತಿರುವಾಗ ಆ ಕಡತವನ್ನು ಮುಟ್ಟಲಾಗದು. ಆದರೆ ಫ್ಲಾಪಿ ಅಥವಾ ಸಿಡಿಯಿಂದ ಲಿನಕ್ಸ್ ಚಾಲೂ ಮಾಡಿದರೆ ಕಾವಲುಗಾರನೇ ಇರುವುದಿಲ್ಲ, ಡಿಸ್ಕು ಬರೀ ಡಿಸ್ಕಾಗಿ ಎದುರಿಗೆ ಬರುತ್ತದೆ. ನಾರ್ವೆಯ ಪೆಟರ್ ನೂರ್ದಾಲ್-ಹಾಗೆನ್ 1997ರಲ್ಲಿ ಹೊರತಂದ ಉಚಿತ ಸಾಧನ ಒಂದೇ ಫ್ಲಾಪಿಯಲ್ಲಿ ಹಿಡಿಸುತ್ತಿತ್ತು, ಮತ್ತು ಆ ಕಡತದಲ್ಲಿ ಪಾಸ್‌ವರ್ಡನ್ನು ಅಳಿಸಿ ಖಾಲಿ ಮಾಡುತ್ತಿತ್ತು. 2003ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಫಿಲಿಪ್ ಓಶ್ಲಿನ್ ಇನ್ನೊಂದು ದಾರಿ ತೋರಿಸಿದರು. ಹಳೆಯ ವಿಂಡೋಸ್ ಸಂಕೇತವು ಎಲ್ಲ ಅಕ್ಷರಗಳನ್ನೂ ದೊಡ್ಡಕ್ಷರ ಮಾಡಿ, ಪಾಸ್‌ವರ್ಡನ್ನು ಏಳೇಳು ಅಕ್ಷರಗಳ ಎರಡು ತುಂಡು ಮಾಡಿ ಲೆಕ್ಕ ಹಾಕುತ್ತಿತ್ತು. ಮೊದಲೇ ಸಿದ್ಧಪಡಿಸಿದ 1.4 ಜಿಬಿ ಗಾತ್ರದ ಕೋಷ್ಟಕಗಳನ್ನು ಇಟ್ಟುಕೊಂಡರೆ ಅಕ್ಷರ ಮತ್ತು ಅಂಕಿಗಳ ಅಂಥ ಪಾಸ್‌ವರ್ಡುಗಳಲ್ಲಿ ಶೇಕಡಾ 99.9ರಷ್ಟನ್ನು 13.6 ಸೆಕೆಂಡಿನಲ್ಲಿ ಕಂಡುಹಿಡಿಯಬಹುದೆಂದು ಅವರು ತೋರಿಸಿದರು. ಆಫ್‌ಕ್ರ್ಯಾಕ್ ಎಂಬ ಉಚಿತ ಸಾಧನ ಈ ವಿದ್ಯೆಯನ್ನು ಯಾರು ಬೇಕಾದರೂ ಬಳಸುವ ಸಿಡಿಯಾಗಿಸಿತು.

ಇಷ್ಟೆಲ್ಲ ಗೊತ್ತಿಲ್ಲದ ಅಥವಾ ವ್ಯವಧಾನವಿಲ್ಲದ ರಿಪೇರಿಯವನಿಗೆ ಒಂದೇ ಮದ್ದು: ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕುವುದು. ಕಂಪ್ಯೂಟರು ತೆರೆಯುತ್ತಿತ್ತು, ಒಳಗಿದ್ದದ್ದು ಹೋಗುತ್ತಿತ್ತು. ಮುಂಬೈಯ ಕನ್ನಡ ಮನೆಗಳಲ್ಲಿ ‘ಬರಹ’ ಅಥವಾ ‘ನುಡಿ’ಯಲ್ಲಿ ಟೈಪಿಸಿದ ಕತೆ, ಸಂಘದ ಸ್ಮರಣ ಸಂಚಿಕೆಯ ಕರಡು, ಊರಿನ ಮದುವೆಯ ಫೋಟೊ, ಇಂಥವು ಬೇರೆಲ್ಲೂ ಪ್ರತಿ ಇಲ್ಲದೆ ಒಂದೇ ಡಿಸ್ಕಿನಲ್ಲಿ ಇದ್ದರೆ ನಷ್ಟಕ್ಕೆ ಪರಿಹಾರವೇ ಇರಲಿಲ್ಲ. ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿ ಕಡತಗಳನ್ನು ಉಳಿಸಿಕೊಂಡು, ಆಮೇಲೆ ಫಾರ್ಮ್ಯಾಟಿಗೆ ಕೈಹಾಕುವವನೇ ಒಳ್ಳೆಯ ರಿಪೇರಿಯವನು. ಒಳ್ಳೆಯ ಕೈಗೂ ಅರೆಗೈಗೂ ವ್ಯತ್ಯಾಸ ಇದ್ದದ್ದು ಈ ಒಂದು ಹೆಜ್ಜೆಯಲ್ಲಿ.

ಕಾನೂನೂ ಈ ನಡುವೆ ಬಿಗಿಯಾಯಿತು. ಒಡೆಯರ ಅನುಮತಿಯಿಲ್ಲದೆ ಕಂಪ್ಯೂಟರಿನ ಒಳಹೊಗುವುದನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಮೊದಲಿನಿಂದಲೂ ತಪ್ಪೆಂದಿತ್ತು. 2008ರ ತಿದ್ದುಪಡಿ 2009ರ ಅಕ್ಟೋಬರ್ 27ರಂದು ಜಾರಿಗೆ ಬಂದಾಗ ಸೇರಿದ 66ಸಿ ಸೆಕ್ಷನ್, ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದವರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿಯವರೆಗೆ ದಂಡವೆಂದಿತು. ಬೀಗ ತೆಗೆಸಲು ಬಂದವರು ಯಂತ್ರದ ಒಡೆಯರೇ ಎಂದು ಖಚಿತಪಡಿಸಿಕೊಳ್ಳುವ ಹೊಣೆ ರಿಪೇರಿಯವನದು. ಬೀಗ ತೆಗೆದವನು ಒಳಗಿನದನ್ನು ಮುಟ್ಟದಂತೆ ನೋಡಿಕೊಳ್ಳುವ ಹೊಣೆ ಒಡೆಯರದು. 2008ರಲ್ಲಿ ಹಾಂಗ್‌ಕಾಂಗಿನ ನಟರೊಬ್ಬರು ರಿಪೇರಿಗೆ ಕೊಟ್ಟ ಲ್ಯಾಪ್‌ಟಾಪಿನಿಂದ ಖಾಸಗಿ ಚಿತ್ರಗಳು ಹೊರಬಿದ್ದ ಪ್ರಕರಣ ಈ ಎರಡನೆಯ ಹೊಣೆಯನ್ನು ಲೋಕಕ್ಕೆಲ್ಲ ನೆನಪಿಸಿತು.

ಮೂರನೆಯ ಘಟ್ಟದಲ್ಲಿ ಕಸುಬಿನ ನೆಲವೇ ಬದಲಾಯಿತು. 2007ರ ವಿಂಡೋಸ್ ವಿಸ್ಟಾ ಅಡಗಿದ್ದ ಅಡ್ಮಿನಿಸ್ಟ್ರೇಟರ್ ಖಾತೆಯನ್ನು ನಿಷ್ಕ್ರಿಯಗೊಳಿಸಿತು, ದುರ್ಬಲವಾದ ಹಳೆಯ ಸಂಕೇತವನ್ನು ಉಳಿಸಿಕೊಳ್ಳುವುದನ್ನೂ ನಿಲ್ಲಿಸಿತು. 2012ರ ವಿಂಡೋಸ್ 8 ಮೈಕ್ರೋಸಾಫ್ಟ್ ಖಾತೆಯಿಂದಲೇ ಕಂಪ್ಯೂಟರಿಗೆ ಪ್ರವೇಶಿಸುವ ವ್ಯವಸ್ಥೆ ತಂದಿತು. ಅಂಥ ಖಾತೆಯ ಪಾಸ್‌ವರ್ಡ್ ಮರೆತರೆ ಮೊಬೈಲಿಗೋ ಇನ್ನೊಂದು ಇಮೇಲಿಗೋ ಬರುವ ಸಂಖ್ಯೆ ಹಾಕಿ ಹೊಸದನ್ನು ಪಡೆಯಬಹುದು, ರಿಪೇರಿಯವನು ಬೇಕಿಲ್ಲ. ಖಾತೆ ಕಂಪ್ಯೂಟರಿನಲ್ಲೇ ಇರುವವರಿಗೆ 2018ರಿಂದ ವಿಂಡೋಸ್ 10 ಮೂರು ಭದ್ರತಾ ಪ್ರಶ್ನೆಗಳ ಸೌಲಭ್ಯ ಕೊಟ್ಟಿತು. ಇಷ್ಟು ಬದಲಾದರೂ, ಮರೆತಿದ್ದೇವೆಂದು ತೀರ್ಮಾನಿಸುವ ಮೊದಲು ಕ್ಯಾಪ್ಸ್ ಲಾಕ್ ಹತ್ತಿದೆಯೇ, ಕೀಬೋರ್ಡು ಇಂಗ್ಲಿಷಿನ ಬದಲು ಬೇರೆ ಭಾಷೆಯಲ್ಲಿದೆಯೇ ಎಂದು ನೋಡುವುದು ಎಲ್ಲ ಕಾಲಕ್ಕೂ ಮೊದಲ ಉಪಾಯವಾಗಿ ಉಳಿದಿದೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಇಡೀ ಡಿಸ್ಕನ್ನೇ ಗೂಢಲಿಪಿಗೆ ತಿರುಗಿಸುವುದು. ಎಕ್ಸ್‌ಪಿಯ ಕಾಲದಲ್ಲಿ ಪಾಸ್‌ವರ್ಡ್ ಬಾಗಿಲನ್ನಷ್ಟೇ ಕಾಯುತ್ತಿತ್ತು. ಡಿಸ್ಕನ್ನು ಬಿಚ್ಚಿ ಬೇರೆಡೆ ಜೋಡಿಸಿದರೆ ಕಡತಗಳು ತೆರೆದೇ ಇರುತ್ತಿದ್ದವು. ಬಿಟ್‌ಲಾಕರ್ ಎಂಬ ವಿಂಡೋಸಿನ ಗೂಢಲಿಪಿ ಸೌಲಭ್ಯ ಮತ್ತು ಅದರ ಮನೆಬಳಕೆಯ ರೂಪವಾದ ಡಿವೈಸ್ ಎನ್‌ಕ್ರಿಪ್ಶನ್ ಇರುವಲ್ಲಿ ಕಡತಗಳೇ ಓದಲಾಗದ ರೂಪದಲ್ಲಿರುತ್ತವೆ, ಕೀಲಿಯನ್ನು ಮದರ್‌ಬೋರ್ಡಿನ ಟಿಪಿಎಂ ಚಿಪ್ ಕಾಯುತ್ತದೆ. 2021ರ ವಿಂಡೋಸ್ 11 ಆ ಚಿಪ್ಪನ್ನು ಕಡ್ಡಾಯ ಮಾಡಿತು. 2024ರ ಆವೃತ್ತಿಯಿಂದ ಹೊಸದಾಗಿ ವಿಂಡೋಸ್ ಹಾಕಿದ ಹೆಚ್ಚಿನ ಯಂತ್ರಗಳಲ್ಲಿ ಎನ್‌ಕ್ರಿಪ್ಶನ್ ತಾನಾಗಿಯೇ ಚಾಲೂ ಆಗುತ್ತದೆ. ಇಂಥ ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಲ್ಯಾಮಿಂಗ್ಟನ್ ರೋಡಿನ ಪಳಗಿದ ಕೈಯೂ ಏನೂ ಮಾಡಲಾರದು. ಹಳೆಯ ಲಿನಕ್ಸ್ ಸಿಡಿಗಳು ಅಲ್ಲಿ ನಿರುಪಯೋಗಿ.

2020ರ ಮಾರ್ಚಿನ ಲಾಕ್‌ಡೌನ್ ರಿಪೇರಿಯವನಿಲ್ಲದೆ ನಿಭಾಯಿಸುವ ಸ್ಥಿತಿಯನ್ನು ಈ ನಡುವೆಯೇ ಮನೆಮನೆಗೆ ತಂದಿತ್ತು. ಲೋಕಲ್ ರೈಲು ನಿಂತಿತು, ರಿಪೇರಿಯವನು ಮೆಟ್ಟಿಲು ಹತ್ತುವಂತಿರಲಿಲ್ಲ. ಕಚೇರಿಯ ಲ್ಯಾಪ್‌ಟಾಪುಗಳು ಊಟದ ಮೇಜಿಗೆ ಬಂದವು, ಅವುಗಳ ಅಡ್ಮಿನಿಸ್ಟ್ರೇಟರ್ ದೂರದಲ್ಲೆಲ್ಲೋ ಕುಳಿತು ಫೋನಿನಲ್ಲಿ ಬೀಗ ತೆಗೆಯುತ್ತಿದ್ದ. ಮನೆಯ ಸ್ವಂತ ಕಂಪ್ಯೂಟರಿಗೆ ಮಾತ್ರ ಮನೆಯವರೇ ದಿಕ್ಕಾದರು.

ಮೂವತ್ತು ವರ್ಷಗಳಲ್ಲಿ ಬೀಗದ ಕೀಲಿ ರಿಪೇರಿಯವನ ಚೀಲದಿಂದ ಒಡೆಯರ ಕೈಗೆ ಬಂದಿದೆ. ಇದು ಒಳ್ಳೆಯದೇ, ಕಳೆದುಹೋದ ಲ್ಯಾಪ್‌ಟಾಪಿನಿಂದ ಈಗ ಮನೆಯ ಗುಟ್ಟು ಸುಲಭಕ್ಕೆ ಹೊರಹೋಗದು. ಆದರೆ ಮರೆವಿಗೆ ಇದ್ದ ರಿಯಾಯಿತಿಯೂ ಅದರೊಂದಿಗೆ ಹೋಗಿದೆ. ಮನೆಯಲ್ಲಿ ಕಂಪ್ಯೂಟರ್ ಇರುವ ಪ್ರತಿಯೊಬ್ಬರೂ ಮೂರು ಕೆಲಸ ಮಾಡಿಡಬೇಕು: ಮೈಕ್ರೋಸಾಫ್ಟ್ ಖಾತೆಯಲ್ಲಿರುವ ಮೊಬೈಲ್ ಸಂಖ್ಯೆ ಈಗ ಬಳಸುತ್ತಿರುವುದೇ ಎಂದು ನೋಡಬೇಕು, ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಡಬೇಕು, 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು, ಸೊಸೈಟಿಯ ಶೇರು ಪ್ರಮಾಣಪತ್ರ ಇರುವ ಫೈಲಿನಲ್ಲೇ ಇಟ್ಟು, ಮನೆಯ ಇನ್ನೊಬ್ಬರಿಗಾದರೂ ಅದು ಎಲ್ಲಿದೆ ಎಂದು ಹೇಳಿರಬೇಕು.