ಅಡಿಪಾಯಕ್ಕೆ ಮುನ್ನ: ಬಲಂ ಸೀಮೆಯ ಮಣ್ಣು ಮತ್ತು ಇತಿಹಾಸ

ನಾಡಿನ ಪೂರ್ವೇತಿಹಾಸವನ್ನು ಅರಿಯಲು ಕನ್ನಡ ವಿದ್ವಾಂಸರು ಮೊದಲಿನಿಂದಲೂ ಆಶ್ರಯಿಸಿದ ಆಧಾರಗಳು ಮುಖ್ಯವಾಗಿ ಎರಡು: ಶಾಸನ ಮತ್ತು ಕಾವ್ಯ. ಇವೆರಡೂ ಬರೆದವರ ಮತ್ತು ಬರೆಯಿಸಿದವರ ಮಾತುಗಳು. ಬರೆಯಿಸುವ ಶಕ್ತಿಯಿಲ್ಲದವರ ಬಾಳು, ಕಲ್ಲಿನಲ್ಲಿ ಕಟ್ಟದವರ ಮನೆ ಮಠ ಕೋಟೆಗಳು ಮಣ್ಣಿನಲ್ಲಿ ಮಾತ್ರ ಉಳಿದಿರುತ್ತವೆ. ಆ ಮಣ್ಣನ್ನು ಓದುವ ಅವಕಾಶ ಒಂದೇ ಸಲ, ಅದನ್ನು ಅಗೆಯುವ ಗಳಿಗೆಯಲ್ಲಿ ಒದಗುತ್ತದೆ. ಓದದೆ ಅಗೆದ ಮಣ್ಣು ಹರಿದ ಓಲೆಯಂತೆ. ಅದನ್ನು ಮತ್ತೆ ಜೋಡಿಸಲು ಬಾರದು.

ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡನಾಡಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಹೇಮಾವತಿಯ ದಡದ ಸಕಲೇಶಪುರಕ್ಕೆ ಹೆಸರು ಬಂದುದು ಅಲ್ಲಿಯ ಸಕಲೇಶ್ವರ ದೇವಾಲಯದಿಂದ. ಊರಿನ ಹೊರಗಿನ ಬೆಟ್ಟದ ಮೇಲೆ 1792ರಲ್ಲಿ ಟಿಪ್ಪೂ ಸುಲ್ತಾನನು ಕಟ್ಟಿಸಿದ ಮಂಜರಾಬಾದ್ ಕೋಟೆಯು ಎಂಟು ಮೂಲೆಗಳ ನಕ್ಷತ್ರಾಕಾರದಲ್ಲಿ ಇಂದಿಗೂ ನಿಂತಿದೆ. ಕಲ್ಲಿನದಾದುದರಿಂದ ಅದು ಉಳಿಯಿತು, ಪ್ರವಾಸಿಗರ ಕಣ್ಣಿಗೆ ಬಿತ್ತು. ಆದರೆ ಈ ಸೀಮೆಯನ್ನು ಅದಕ್ಕೂ ಮೊದಲಿನಿಂದ ಆಳುತ್ತಿದ್ದ ಬಲಂ ಅಥವಾ ಐಗೂರಿನ ಪಾಳೆಯಗಾರರ ಆಶ್ರಯ ಕಲ್ಲಿನ ಗೋಡೆಗಿಂತ ಹೆಚ್ಚಾಗಿ ಕಾಡು, ಕಂದಕ, ಮರದ ತಡೆ ಮತ್ತು ಮುಳ್ಳುಬೇಲಿ. 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೇನೆ ಕಾಡಿನ ನಡುವಣ ಆ ಭದ್ರ ನೆಲೆಯನ್ನು ಭೇದಿಸಿ, ಬಲಂನ ರಾಜನನ್ನು ಸೆರೆಹಿಡಿದು ಗಲ್ಲಿಗೇರಿಸಿತು. ಈ ಘಟನೆ ತಿಳಿದುಬರುವುದು ಗೆದ್ದವರ ಪತ್ರಗಳಿಂದ. ಸೋತವರ ಪಕ್ಷದ ಸಾಕ್ಷ್ಯ ಬೇಕಾದರೆ ಕಂದಕದ ಹೂಳು, ಕಂಬದ ಕುಳಿ, ಸುಟ್ಟ ಮಣ್ಣು ಇವುಗಳನ್ನೇ ಕೇಳಬೇಕು.

ಮಳೆ ಹೆಚ್ಚಾಗಿ ಸುರಿಯುವ ಈ ನೆಲದಲ್ಲಿ ಮರ ಬೇಗ ಕೊಳೆಯುತ್ತದೆ, ಮೂಳೆ ಕರಗುತ್ತದೆ. ಆದರೂ ಕಂಬ ಕೊಳೆತ ಎಡೆಯಲ್ಲಿ ಮಣ್ಣಿನ ಬಣ್ಣ ಬೇರೆಯಾಗಿ ಉಳಿಯುತ್ತದೆ. ಕೆಂಪು ನೆಲದಲ್ಲಿ ಕಪ್ಪಾಗಿ ಕಾಣುವ ಅಂಗೈಯಗಲದ ವರ್ತುಲವೊಂದು ಮನೆಯ ಮೂಲೆಯನ್ನು ತೋರಿಸಬಲ್ಲದು. ಬಲ್ಲವನಿಗೆ ಅದು ಅಕ್ಷರ. ಅರಿಯದವನಿಗೆ ಬರಿಯ ಕೊಳೆ.

ದೊಡ್ಡ ಕಟ್ಟಡ, ಸೇತುವೆ, ಕಾಲುವೆಗಳನ್ನು ಕಟ್ಟುವ ಮುನ್ನ ಎಂಜಿನಿಯರುಗಳು ಅಲ್ಲಲ್ಲಿ ಕುಳಿ ತೋಡಿ, ಬೈರಿಗೆ ಇಳಿಸಿ ನೆಲದ ಬಲವನ್ನು ಪರೀಕ್ಷಿಸುತ್ತಾರೆ. ಅವರಿಗೆ ಬೇಕಾದುದು ಗಟ್ಟಿನೆಲ ಎಷ್ಟು ಆಳದಲ್ಲಿದೆ ಎಂಬುದು. ಅದೇ ಕುಳಿಯ ಬದಿಯಲ್ಲಿ ಪ್ರಾಕ್ತನ ವಿದ್ವಾಂಸನೊಬ್ಬ ನಿಂತರೆ, ಆ ಗಟ್ಟಿನೆಲದ ಮೇಲೆ ಮನುಷ್ಯರು ಬಿಟ್ಟುಹೋದ ಪದರಗಳೆಷ್ಟು ಎಂಬುದನ್ನೂ ಗುರುತಿಸಬಲ್ಲ. ಪದರಗಳ ಕ್ರಮದಿಂದ ಕಾಲವನ್ನು ನಿರ್ಣಯಿಸುವ ಈ ವಿಧಾನವನ್ನು ಮಾರ್ಟಿಮರ್ ವೀಲರ್ ಅವರು 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪ್ರಯೋಗಿಸಿ, ಕಲ್ಗೊಡಲಿಯವರು, ಬೃಹತ್ ಶಿಲಾಗೋರಿಗಳವರು, ಆಂಧ್ರರ ಕಾಲದವರು ಎಂಬ ಮೂರು ಸಂಸ್ಕೃತಿಗಳ ಅನುಕ್ರಮವನ್ನು ತೋರಿಸಿಕೊಟ್ಟರು. ಒಂದೇ ಕುಳಿಯಿಂದ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯುವಾಗ ಒಂದನ್ನಷ್ಟೇ ಕೇಳಿ ಮುಚ್ಚಿಬಿಡುವುದು ವಿವೇಕವಲ್ಲ.

ಕರ್ನಾಟಕದ ಕೆಲವು ಮಹತ್ತ್ವದ ಶೋಧಗಳು ಆಕಸ್ಮಿಕದ ಫಲಗಳು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಸ್ಥಿರಪಡಿಸಿದ ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡವನು ಚಿನ್ನದ ಗಣಿಯ ಎಂಜಿನಿಯರ್ ಬೀಡನ್. ಸನ್ನತಿಯಲ್ಲಿ 1986ರಲ್ಲಿ ಗುಡಿಯ ಛಾವಣಿ ಕುಸಿದ ಬಳಿಕ, ದೇವಿಯ ಪೀಠದ ಕಲ್ಲೇ ಅಶೋಕನ ಶಾಸನವೆಂದು ತಿಳಿದುಬಂದಿತು. ಕೆಳದಿಯ ವೀರಶೈವ ಅರಸರ ರಾಜಧಾನಿಯಾಗಿದ್ದು 1763ರಲ್ಲಿ ಹೈದರನ ಕೈಸೇರಿದ ಬಿದನೂರು, ಅಂದರೆ ಇಂದಿನ ನಗರ, ಭಿನ್ನವಾದ ನಿದರ್ಶನವನ್ನು ಒದಗಿಸುತ್ತದೆ. ಅಲ್ಲಿಯ ಹಾಳುಬಾವಿಯೊಂದರಲ್ಲಿ ಮೊದಲು ಕೆಲವು ಯುದ್ಧಬಾಣಗಳು ದೊರೆತಿದ್ದವು. ಆ ಸುಳಿವನ್ನು ಹಿಡಿದು, ಮಣ್ಣಿನಲ್ಲಿ ಮದ್ದಿನ ವಾಸನೆಯನ್ನು ಗುರುತಿಸಿ, ರಾಜ್ಯದ ಪುರಾತತ್ತ್ವ ಇಲಾಖೆ 2018ರಲ್ಲಿ ಅಗೆಸಿದಾಗ ಸಾವಿರಕ್ಕೂ ಹೆಚ್ಚು ಬಾಣಗಳು ಹೊರಬಂದವು. ಬರಿಯ ಕೂಲಿಯ ಅಗೆತಕ್ಕೂ ಅರಿತವರ ಮುಂದೆ ನಡೆಯುವ ಅಗೆತಕ್ಕೂ ಇರುವ ಅಂತರ ಇದು.

ಕಾನೂನಿನ ರಕ್ಷಣೆ ಇಲ್ಲವೆಂದಲ್ಲ. 1958ರ ಕೇಂದ್ರ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ನಿಧಿ ದೊರೆತರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಟ್ಟಳೆಯೂ ಉಂಟು. ಆದರೆ ಮೊದಲನೆಯದು ಈಗಾಗಲೇ ಪ್ರಸಿದ್ಧವಾದುದನ್ನು ಕಾಯುತ್ತದೆ. ಎರಡನೆಯದು ಬೆಲೆಬಾಳುವುದನ್ನು ಕಾಯುತ್ತದೆ. ಒಡೆದ ಮಡಕೆಗೂ ಕಂಬದ ಕುಳಿಗೂ ಬೆಲೆಯಿಲ್ಲ. ಬಲಂ ಸೀಮೆಯ ಇತಿಹಾಸವೋ ಬಹುಪಾಲು ಅವುಗಳಲ್ಲಿಯೇ ಅಡಗಿದೆ. ಇಂಗ್ಲೆಂಡಿನಲ್ಲಿ 1990ರಿಂದೀಚೆಗೆ, ಕಟ್ಟಲು ಅನುಮತಿ ಕೊಡುವ ಮೊದಲೇ ನೆಲದೊಳಗಿನ ಅವಶೇಷಗಳನ್ನು ಪರಿಗಣಿಸುವ ಪದ್ಧತಿ ನೆಲೆಗೊಂಡಿದೆ. ಭಾರತಕ್ಕೂ ಈ ಮಾರ್ಗ ಅಪರಿಚಿತವಲ್ಲ. ನಾಗಾರ್ಜುನಕೊಂಡ ಜಲಾಶಯದಲ್ಲಿ ಮುಳುಗುವ ಮುನ್ನ 1954ರಿಂದ 1960ರವರೆಗೆ ಆ ಕಣಿವೆಯನ್ನು ವ್ಯಾಪಕವಾಗಿ ಉತ್ಖನನ ಮಾಡಲಾಯಿತು. ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ಏರಿದಾಗ ಬಸವಣ್ಣನವರ ಐಕ್ಯಮಂಟಪವನ್ನು ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿ ಮೂಲಸ್ಥಾನದಲ್ಲಿಯೇ ಉಳಿಸಿಕೊಂಡರು. ಮುಂಚಿತವಾಗಿ ಮನಗಂಡರೆ ನೀರನ್ನೂ ತಡೆಯಬಹುದೆಂಬುದಕ್ಕೆ ಭಕ್ತರಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಹೇಮಾವತಿಯ ಸೀಮೆಯಲ್ಲಿ ನೆಲ ಕದಲಿದುದು ಒಮ್ಮೆಯಲ್ಲ. ಗೊರೂರಿನ ಅಣೆಕಟ್ಟಿನ ಹಿನ್ನೀರು ಹಳ್ಳಿಗಳನ್ನು ಆವರಿಸಿತು. ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳು ಮಳೆಗಾಲದಲ್ಲಿ ನೀರಿನ ನಡುವೆ ನಿಂತು ತಮ್ಮ ಕಥೆಯನ್ನು ತಾವೇ ಹೇಳುತ್ತವೆ. ಮುಳುಗಿದ ಮನೆಗಳ ಒಲೆಯ ಕೆಳಗಣ ಮಣ್ಣಿಗೆ ಆ ಭಾಗ್ಯವಿಲ್ಲ. ಸಕಲೇಶಪುರದ ಘಟ್ಟದಲ್ಲಿ ರೈಲುಮಾರ್ಗ ಬಂದಿತು, ಹೆದ್ದಾರಿ ಅಗಲವಾಯಿತು, ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು. ಜನರಿಗೆ ನೀರೂ ಬೇಕು, ದಾರಿಯೂ ಬೇಕು. ಅಗೆತವನ್ನು ನಿಲ್ಲಿಸಬೇಕೆಂಬುದು ಇಲ್ಲಿಯ ವಾದವಲ್ಲ.

ಬೇಕಾದುದು ಅಲ್ಪ. ಕುಳಿ ತೋಡುವ ಮುನ್ನ ಆ ಗ್ರಾಮದ ಶಾಸನ ವೀರಗಲ್ಲುಗಳ ಪಟ್ಟಿಯನ್ನು ನೋಡುವುದು. ಹಾಳೂರು, ಕೋಟೆಹೊಲ, ಗುಡಿಗದ್ದೆ ಎಂಬಂಥ ಸ್ಥಳನಾಮಗಳನ್ನು ಹಿರಿಯರಿಂದ ಕೇಳಿ ಗುರುತಿಸುವುದು. ಅಗೆಯುವಾಗ ಬಲ್ಲವನೊಬ್ಬ ಬಳಿಯಲ್ಲಿರುವುದು. ಗುರುತು ಕಂಡರೆ ಕೆಲಸವನ್ನು ಸ್ವಲ್ಪ ಹೊತ್ತು ನಿಲ್ಲಿಸುವ ಅಧಿಕಾರ ಅವನಿಗಿರುವುದು. ಕಂಡುದನ್ನು ಅಳೆದು, ಬರೆದು, ಚಿತ್ರಿಸಿ ಇಡುವುದು. ಮಠ ಮಂದಿರಗಳ ಜೀರ್ಣೋದ್ಧಾರಕ್ಕೂ ಇದೇ ನಿಯಮ ಸಲ್ಲಬೇಕು. ಹಳೆಯ ಗದ್ದುಗೆಯ ಸುತ್ತ ಹೊಸ ಹಾಸುಗಲ್ಲು ಹಾಕುವ ಉತ್ಸಾಹದಲ್ಲಿ ಆ ಗದ್ದುಗೆಯ ಕಾಲವನ್ನು ಹೇಳುವ ಮಣ್ಣೇ ಬುಟ್ಟಿ ಸೇರಬಾರದು. ಯಂತ್ರ ಒಂದು ದಿನದಲ್ಲಿ ಎತ್ತಿಹಾಕುವ ಮಣ್ಣು ಅಲ್ಲಿ ಪದರಪದರವಾಗಿ ಕೂಡಲು ಶತಮಾನಗಳು ಹಿಡಿದಿರುತ್ತವೆ. ಅದನ್ನು ಎತ್ತುವ ಮುನ್ನ ಒಂದು ದಿನ ಓದುವುದು ಯಾವ ಯೋಜನೆಗೂ ಹೊರೆಯಾಗಲಾರದು.